ಅತಿಥಿಧರ್ಮವೂ ಅಗ್ಗದ ಮಂಚವೂ

ಗುರುಕುಲವನ್ನು ಬಿಟ್ಟು ಹೊರಡುವ ಶಿಷ್ಯನಿಗೆ, ಅತಿಥಿಯನ್ನು ದೇವರೆಂದು ಭಾವಿಸಬೇಕೆಂದು ತೈತ್ತಿರೀಯೋಪನಿಷತ್ತು ವಿಧಿಸುತ್ತದೆ. ಅತಿಥಿ ಯಾರೆಂಬುದಕ್ಕೆ ಲಕ್ಷಣವನ್ನು ಹೇಳುವ ಮನುಸ್ಮೃತಿಯು, ಒಂದು ರಾತ್ರಿ ಮಾತ್ರ ತಂಗುವವನಿಗೆ ಆ ಹೆಸರು ಸಲ್ಲುವುದೆನ್ನುತ್ತದೆ. ಆತಿಥೇಯನ ಕರ್ತವ್ಯವನ್ನು ಹಿರಿಯರು ಹೀಗೆ ವಿಸ್ತಾರವಾಗಿ ಹೇಳಿದರು. ಅತಿಥಿಯ ಕರ್ತವ್ಯದ ವಿಷಯದಲ್ಲಿ ಅಷ್ಟು ವಿಸ್ತಾರಕ್ಕೆ ಹೋಗಲಿಲ್ಲ. ಇದಕ್ಕೆ ಕಾರಣವೂ ಸ್ಪಷ್ಟವೇ ಆಗಿದೆ. ಬಂದವನು ದಣಿದವನು, ಪರಸ್ಥಳದವನು, ನಾಳೆ ಬೆಳಗಾದರೆ ಹೊರಡುವವನು. ಅಂಥವನಿಂದ ಮನೆಗೆ ಆಗುವ ಭಾರವೆಷ್ಟು? ಒಂದು ಹಿಡಿ ಅನ್ನ, ಒಂದು ಚಾಪೆ, ಒಂದು ತಂಬಿಗೆ ನೀರು.

ಆದರೆ ಒಂದೇ ಬೀದಿಗೆ ದಿನದಿನವೂ ನೂರಾರು ಅತಿಥಿಗಳು ಬರತೊಡಗಿದರೆ ಆ ಲೆಕ್ಕವು ಹಾಗೆಯೇ ಉಳಿಯುವುದೆ? ಪ್ರತಿಯೊಬ್ಬನೂ ತನ್ನ ಮಟ್ಟಿಗೆ ಒಂದೆರಡು ರಾತ್ರಿಗಳವನೇ. ಆದರೆ ಅವನು ತೆರವು ಮಾಡಿದ ಮಂಚಕ್ಕೆ ಸಂಜೆಯೊಳಗೆ ಇನ್ನೊಬ್ಬನು ಬರುತ್ತಾನೆ. ಅತಿಥಿಗಳು ಹೊರಡುತ್ತಾರೆ, ಅತಿಥಿಸಮೂಹವು ಹೊರಡುವುದಿಲ್ಲ. ಯಾರೂ ನೆಲಸಲೆಂದು ಬರದಿದ್ದರೂ, ನೆಲಸಿದ್ದವರು ಕ್ರಮೇಣ ಏಳಬೇಕಾಗುತ್ತದೆ. ಈ ಕಾಲದ ಪ್ರವಾಸಿಯ ಮುಂದಿರುವ ನೀತಿಪ್ರಶ್ನೆ ಇದೇ. ಇದನ್ನು ಪರೀಕ್ಷಿಸಲು ಪೋರ್ತುಗಲ್ ದೇಶದ ರಾಜಧಾನಿಯಾದ ಲಿಸ್ಬನ್ ನಗರಕ್ಕಿಂತ ತಕ್ಕ ಸ್ಥಳವು ಅಪರೂಪ.

ತೇಜೋ ನದಿಯ ದಂಡೆಯ ಮೇಲೆ, ಏಳು ಗುಡ್ಡಗಳ ನಗರವೆಂದು ಹೆಸರಾಗಿರುವ ಈ ಪಟ್ಟಣವು 1755ನೆಯ ನವೆಂಬರ್ 1ರ ಭೂಕಂಪದಲ್ಲಿ ಬಹುಭಾಗ ನಾಶವಾಗಿ ಮತ್ತೆ ಎದ್ದುನಿಂತಿತು. ಹಳೆಯ ಅಲ್ಫಾಮಾ ಮತ್ತು ಮೊರಾರಿಯಾ ಕೇರಿಗಳಲ್ಲಿ ಓಣಿಗಳು ಇಕ್ಕಟ್ಟು, ಮೆಟ್ಟಿಲುಗಳೇ ಬೀದಿಗಳು, ಗೋಡೆಗಳಿಗೆ ಬಣ್ಣದ ಹೊಳಪುಬಿಲ್ಲೆಗಳ ಅಲಂಕಾರ. ಪಶ್ಚಿಮ ಯುರೋಪಿನ ರಾಜಧಾನಿಗಳಲ್ಲಿ ಇದು ಅಗ್ಗವಾದುದೆಂಬ ಕೀರ್ತಿಯು ಬಹುಕಾಲದಿಂದ ಇದ್ದಿತು. ಬೆನ್ನಿಗೆ ಚೀಲವನ್ನು ಹೊತ್ತು ಮಿತವ್ಯಯದಿಂದ ದೇಶ ನೋಡುವ ತರುಣರು ಆ ಕೀರ್ತಿಯನ್ನು ನಂಬಿ ಬಂದರು. ಬರುಬರುತ್ತ ಆ ಕೀರ್ತಿಯೇ ಅಗ್ಗತನವನ್ನು ಅಳಿಸಿತು.

ಇಂಥ ತರುಣರು ಇಳಿದುಕೊಳ್ಳುವ ಮನೆಗೆ ಹಾಸ್ಟೆಲು ಎಂದು ಹೆಸರು. ಕನ್ನಡ ನಾಡಿನಲ್ಲಿ ಆ ಶಬ್ದವು ವಿದ್ಯಾರ್ಥಿನಿಲಯವನ್ನು ನೆನಪಿಗೆ ತರುತ್ತದೆ. ಇಲ್ಲಿ ಹೇಳುವುದು ಪಥಿಕರ ಹಾಸ್ಟೆಲು. ಒಂದು ಕೋಣೆಯಲ್ಲಿ ಒಂದರ ಮೇಲೊಂದಾಗಿ ಮಂಚಗಳು, ಎಲ್ಲರಿಗೂ ಒಂದೇ ಅಡಿಗೆಮನೆ, ಎಲ್ಲರಿಗೂ ಒಂದೇ ಮೇಜು. ಈ ಸಂಸ್ಥೆಯ ಹುಟ್ಟು ಧರ್ಮಬುದ್ಧಿಯಲ್ಲಿಯೇ ಆಯಿತು. ಜರ್ಮನಿಯ ಶಾಲಾಶಿಕ್ಷಕ ರಿಚರ್ಡ್ ಶಿರ್‍ಮನ್ ಎಂಬಾತನು 1909ರಲ್ಲಿ ಮಕ್ಕಳೊಡನೆ ಕಾಲ್ನಡಿಗೆಯಲ್ಲಿ ಸಂಚರಿಸುತ್ತಿದ್ದಾಗ ಗುಡುಗುಮಳೆಗೆ ಸಿಕ್ಕಿ ಒಂದು ಶಾಲೆಯ ಕಟ್ಟಡದಲ್ಲಿ ರಾತ್ರಿಯನ್ನು ಕಳೆದನು. ರಜೆಯಲ್ಲಿ ಬರಿದಾಗಿರುವ ಶಾಲೆಗಳು ನಡೆದುಬರುವ ಬಡಮಕ್ಕಳಿಗೆ ತಂಗುದಾಣವಾಗಬಾರದೇಕೆ ಎಂಬ ವಿಚಾರವು ಅವನಿಗೆ ಹೊಳೆಯಿತು. ಅದು ಬೆಳೆದು ಆಲ್ಟೆನಾದ ಕೋಟೆಯಲ್ಲಿ ಶಾಶ್ವತ ಯುವನಿಲಯವಾಯಿತು; 1932ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಹಲವು ದೇಶಗಳ ಸಂಘಗಳು ಕೂಡಿ ಅಂತರರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿದವು. ಮೂಲದಲ್ಲಿದ್ದ ಭಾವವನ್ನು ವಾಚಕರು ಗಮನಿಸಬೇಕು: ಬರಿದಾಗಿರುವ ಸ್ಥಳವನ್ನು ಬಡ ಪಥಿಕನಿಗೆ ಕೊಡುವುದು, ವಾಸವಿರುವ ಸ್ಥಳವನ್ನು ಬರಿದುಮಾಡುವುದಲ್ಲ.

ಲಿಸ್ಬನ್ನಿನಲ್ಲಿ ಮುಂದೆ ನಡೆದ ಸಂಗತಿಯನ್ನು ಸಂಕ್ಷೇಪವಾಗಿ ಹೇಳಬಹುದು. ಅಲ್ಲಿಯ ಮನೆಬಾಡಿಗೆಗಳನ್ನು 1948ರಲ್ಲಿ ಕಾನೂನಿನಿಂದ ಸ್ತಂಭಿಸಲಾಗಿತ್ತು. ಬಾಡಿಗೆದಾರನಿಗೆ ಇದರಿಂದ ನೆಮ್ಮದಿಯಾಯಿತು. ಆದರೆ ಹಳೆಯ ಕಟ್ಟಡಗಳನ್ನು ದುರಸ್ತಿಮಾಡುವ ಹುರುಪು ಒಡೆಯರಲ್ಲಿ ಉಳಿಯದೆ, ಅನೇಕ ಮನೆಗಳು ಜೀರ್ಣವಾದವು. 2011ರಲ್ಲಿ ದೇಶವು ಋಣಸಂಕಟಕ್ಕೆ ಸಿಲುಕಿ 78 ಶತಕೋಟಿ ಯೂರೋಗಳ ನೆರವನ್ನು ಬೇಡಬೇಕಾಯಿತು. 2012ರ ಕಾನೂನು ಹಳೆಯ ಬಾಡಿಗೆಗಳ ಕಟ್ಟನ್ನು ಸಡಿಲಿಸಿತು. ಅದೇ ವರ್ಷ, ಐದು ಲಕ್ಷ ಯೂರೋಗಳ ಆಸ್ತಿಯನ್ನು ಕೊಂಡ ಪರದೇಶದವನಿಗೆ ವಾಸದ ಪರವಾನಗಿ ನೀಡುವ ಯೋಜನೆಯೂ ಬಂದಿತು. ಆಸ್ತಿಕೊಳ್ಳುವ ಆ ದಾರಿಯು 2023ರಲ್ಲಿ ಮುಚ್ಚಿತು. 2014ರ ಶಾಸನವು ಮನೆಗಳನ್ನು ಪ್ರವಾಸಿಗಳಿಗೆ ಅಲ್ಪಕಾಲ ಬಾಡಿಗೆಗೆ ಕೊಡುವುದನ್ನು ಸುಲಭಗೊಳಿಸಿತು. ಹಾಸ್ಟೆಲುಗಳೂ ಆ ವರ್ಗಕ್ಕೇ ಸೇರಿದವು. ಜೀರ್ಣಮನೆಗಳಿಗೆ ಸುಣ್ಣಬಣ್ಣವಾಯಿತು, ಅನೇಕರಿಗೆ ಉದ್ಯೋಗವೂ ದೊರೆಯಿತು. ಇದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಆ ಮನೆಗಳಲ್ಲಿ ಹಿಂದೆ ಇದ್ದವರಲ್ಲಿ ಎಷ್ಟೋ ಮಂದಿ ಬಣ್ಣವನ್ನು ನೋಡುವುದಕ್ಕೆ ಉಳಿಯಲಿಲ್ಲ. 1981ರಲ್ಲಿ ಸುಮಾರು 8 ಲಕ್ಷವಿದ್ದ ನಗರದ ಜನಸಂಖ್ಯೆಯು 2021ರ ಗಣತಿಯಲ್ಲಿ ಸುಮಾರು 5 ಲಕ್ಷ 45 ಸಾವಿರಕ್ಕೆ ಇಳಿದಿತ್ತು. ಈ ಇಳಿತವೆಲ್ಲ ಪ್ರವಾಸಿಯಿಂದಲೇ ಆಯಿತೆನ್ನುವುದು ತಪ್ಪು. ಉಪನಗರಗಳ ಕಡೆಗೆ ವಲಸೆಯು ಅದಕ್ಕಿಂತ ಬಹಳ ಮೊದಲೇ ತೊಡಗಿತ್ತು. ಆದರೂ ಹೊರಟವರು ಹಿಂದಿರುಗಬೇಕೆಂದರೆ ಈಗ ಅವರಿಗೆ ಎಟುಕುವ ಬಾಡಿಗೆಯಿಲ್ಲ. 2024ರಲ್ಲಿ ಆ ದೇಶದ ಕನಿಷ್ಠ ವೇತನವು ತಿಂಗಳಿಗೆ 820 ಯೂರೋ. ಅಷ್ಟನ್ನೂ ಸುರಿದರೂ ಊರ ನಡುವೆ ಒಂದು ಸಾಧಾರಣ ಮನೆ ದೊರೆಯುವುದು ದುರ್ಲಭ.

ಈಗ ಒಬ್ಬ ತರುಣನನ್ನು ಕಲ್ಪಿಸಿಕೊಳ್ಳಬಹುದು. ಅವನ ಕೈಯಲ್ಲಿ ಹಣ ಸ್ವಲ್ಪ, ಮನಸ್ಸಿನಲ್ಲಿ ಉತ್ಸಾಹ ಬಹಳ. ಎಲ್ಲಿ ಇಳಿದುಕೊಳ್ಳಬೇಕೆಂದು ಅವನು ಯೋಚಿಸುತ್ತಿದ್ದಾನೆ. ಎಲ್ಲಕ್ಕಿಂತ ಅಗ್ಗವಾದ ಮಂಚವು ಹಳೆಯ ಕೇರಿಯ ಒಂದು ಮನೆಯಲ್ಲಿದೆ. ಅದೇ ಕಟ್ಟಡದ ಮೇಲಂತಸ್ತಿನಲ್ಲಿ ಒಬ್ಬ ಮುದುಕಿ ವಾಸವಾಗಿದ್ದಾಳೆ. ನಡುರಾತ್ರಿಯಲ್ಲಿ ಮೆಟ್ಟಿಲುಗಳ ಮೇಲೆ ಚೀಲಗಳ ಗಾಲಿಗಳು ಉರುಳುವ ಸದ್ದು, ಅವಳಿಗೆ ತಿಳಿಯದ ಭಾಷೆಗಳಲ್ಲಿ ನಗೆ. ಇವನು ಆರಿಸಬೇಕಾದುದು ಯಾವುದನ್ನು?

‘ಕೇಳಿದಷ್ಟು ಬೆಲೆಯನ್ನು ಕೊಟ್ಟಾಯಿತು, ಅಲ್ಲಿಗೆ ಋಣ ತೀರಿತು’ ಎನ್ನುವವರುಂಟು. ಛತ್ರದಲ್ಲಿ ಧರ್ಮಕ್ಕೆ ಉಂಡವನಿಗೆ ವಿನಯವು ಬೇಕು, ಹಣ ತೆತ್ತವನಿಗೆ ಏಕೆ ಎಂಬುದು ಅವರ ವಾದ. ಆದರೆ ಹಣವು ತಲಪುವುದು ಯಾರಿಗೆ? ಮಂಚದ ಒಡೆಯನಿಗೆ. ನಿದ್ರೆಗೆಟ್ಟವಳು ಮೇಲಂತಸ್ತಿನ ಮುದುಕಿ. ಅವಳೊಡನೆ ಇವನು ಯಾವ ವ್ಯವಹಾರವನ್ನೂ ಮಾಡಿಲ್ಲ. ವ್ಯಾಪಾರದಲ್ಲಿ ಇಬ್ಬರು ಒಪ್ಪಿದ ಮಾತ್ರಕ್ಕೆ, ಒಪ್ಪದ ಮೂರನೆಯವರ ನಷ್ಟವು ತೀರಿದಂತಾಗುವುದಿಲ್ಲ. ನಗರವೂ ಈ ಮಾತನ್ನು ಸ್ವಲ್ಪಮಟ್ಟಿಗೆ ಒಪ್ಪಿಕೊಂಡಂತಿದೆ: 2016ರಲ್ಲಿ ತಲೆಗೆ ರಾತ್ರಿಯೊಂದಕ್ಕೆ 1 ಯೂರೋದಂತೆ ತೊಡಗಿದ ಪ್ರವಾಸಿ ತೆರಿಗೆಯನ್ನು 2019ರಲ್ಲಿ 2ಕ್ಕೂ, 2024ರ ಸೆಪ್ಟೆಂಬರಿನಲ್ಲಿ 4ಕ್ಕೂ ಏರಿಸಿತು. ತೆರಿಗೆಯು ಬೀದಿಯನ್ನು ಗುಡಿಸೀತು. ನೆರೆಮನೆಯವನನ್ನು ಹಿಂದಕ್ಕೆ ಕರೆತರಲಾರದು.

‘ಹಾಗಾದರೆ ಹೋಗದಿರುವುದೇ ಧರ್ಮ’ ಎಂಬುದು ಇನ್ನು ಕೆಲವರ ಅಭಿಪ್ರಾಯ. ಇದು ಕೇಳುವುದಕ್ಕೆ ಶುದ್ಧವಾಗಿದೆ. ಆದರೆ ಇದರ ಪರಿಣಾಮವೇನು? ಮನಸ್ಸಾಕ್ಷಿಯುಳ್ಳ ಬಡ ಪಥಿಕನು ಹಿಂದೆಗೆಯುತ್ತಾನೆ, ಮನಸ್ಸಾಕ್ಷಿಯ ಗೊಡವೆಯಿಲ್ಲದ ಧನಿಕನು ಮುಂದೆ ಬರುತ್ತಾನೆ. ಲೋಕವನ್ನು ನೋಡಿ ಮನಸ್ಸನ್ನು ಹಿಗ್ಗಿಸಿಕೊಳ್ಳುವ ಭಾಗ್ಯವು ಸಿರಿವಂತರ ಸ್ವತ್ತಾಗಬಾರದೆಂದೇ ಆ ಜರ್ಮನ್ ಉಪಾಧ್ಯಾಯನು ಶ್ರಮಿಸಿದ್ದಲ್ಲವೆ? ಬಡವನಿಗೆ ಪ್ರವಾಸವನ್ನು ನಿಷೇಧಿಸುವ ನೀತಿಯು ನೀತಿಯಾಗಲಾರದು.

ಈ ಎರಡು ಅತಿಗಳ ನಡುವೆ ವಿವೇಕಕ್ಕೆ ಎಡೆಯಿದೆ. ಮೊದಲನೆಯದಾಗಿ, ಹಾಸ್ಟೆಲನ್ನೇ ದೋಷಿಯೆಂದು ತಿಳಿಯುವುದು ಸರಿಯಲ್ಲ. ಹನ್ನೆರಡು ಮಂದಿ ಪಥಿಕರು ಎರಡು ಕೋಣೆಗಳಲ್ಲಿ ಮಲಗಿದರೆ ನಗರದ ಎರಡು ಕೋಣೆಗಳು ಖರ್ಚಾದವು; ಅದೇ ಹನ್ನೆರಡು ಮಂದಿ ಇಬ್ಬಿಬ್ಬರಂತೆ ಬೇರೆಬೇರೆ ಮನೆಗಳನ್ನು ಹಿಡಿದರೆ ಆರು ಸಂಸಾರಗಳ ನೆಲೆಯು ಖರ್ಚಾಯಿತು. ಇಕ್ಕಟ್ಟನ್ನು ಸಹಿಸಿಕೊಳ್ಳುವವನು ಊರಿಗೆ ಕಡಮೆ ಭಾರ. ತನ್ನ ಬಡತನದಿಂದಲೇ ಅವನಿಗೆ ಈ ಪುಣ್ಯವು ಬಂದಿರಬಹುದು. ಆದರೂ ಅದು ಪುಣ್ಯವೇ.

ಎರಡನೆಯದಾಗಿ, ಆ ಮಂಚವು ಎಲ್ಲಿದೆ ಎಂಬುದನ್ನು ನೋಡಬೇಕು. 2018ರ ಶಾಸನದ ಪ್ರಕಾರ, ಸಂಸಾರಗಳು ವಾಸಿಸುವ, ಹಲವು ಒಡೆಯರ ಕಟ್ಟಡದಲ್ಲಿ ಉಳಿದ ಒಡೆಯರ ಒಪ್ಪಿಗೆಯಿಲ್ಲದೆ ಹೊಸ ಹಾಸ್ಟೆಲನ್ನು ಸ್ಥಾಪಿಸುವಂತಿಲ್ಲ. ಅದೇ ವರ್ಷ ಅಲ್ಫಾಮಾ, ಮೊರಾರಿಯಾ ಮೊದಲಾದ ಕೇರಿಗಳಲ್ಲಿ ಹೊಸ ನೋಂದಣಿಗಳನ್ನು ನಗರಸಭೆಯು ತಡೆಯಿತು. 2023ರಲ್ಲಿ ದೇಶದ ಬಹುಭಾಗಕ್ಕೆ ಬಿಗಿಯಾದ ತಡೆಯು ಬಂದು, 2024ರಲ್ಲಿ ಬೇರೊಂದು ಸರ್ಕಾರವು ಅದನ್ನು ಸಡಿಲಿಸಿ ಅಧಿಕಾರವನ್ನು ಊರೂರಿನ ಸಭೆಗಳಿಗೆ ಬಿಟ್ಟಿತು. ಕಾನೂನು ಹೀಗೆ ಹಿಂದುಮುಂದಾಗುತ್ತಿರುವಾಗ, ಅದು ಬಿಟ್ಟಲ್ಲಿ ಧರ್ಮವೂ ಬಿಡುವುದೆಂದು ತಿಳಿಯಬಾರದು. ನೋಂದಣಿಯ ಸಂಖ್ಯೆಯನ್ನು ಪ್ರಕಟಣೆಯಲ್ಲಿ ತೋರಿಸಲೇಬೇಕೆಂಬ ನಿಯಮವಿದೆ. ಅದನ್ನು ನೋಡುವುದು ಕಷ್ಟವಲ್ಲ. ಹಿಂದೆ ಅಂಗಡಿಯೋ ಕಚೇರಿಯೋ ಆಗಿದ್ದ ಕಟ್ಟಡವನ್ನು ಆರಿಸಿಕೊಳ್ಳುವುದೂ, ಹಳೆಯ ಕೇರಿಯಿಂದ ಹತ್ತು ನಿಮಿಷದ ಟ್ರಾಮಿನ ದಾರಿಯಷ್ಟು ದೂರ ಉಳಿಯುವುದೂ ಅಸಾಧ್ಯವಲ್ಲ.

ಮೂರನೆಯದಾಗಿ, ಆ ಮಂಚವು ಅಗ್ಗವಾದುದು ಯಾರ ಬೆವರಿನಿಂದ ಎಂಬುದನ್ನು ವಿಚಾರಿಸಬೇಕು. ಹಾಸಿಗೆಯನ್ನು ಮಡಿಸಿ, ಬಾಗಿಲನ್ನು ಕಾಯ್ದು, ಪ್ರತಿಯಾಗಿ ಸಂಬಳವಿಲ್ಲದೆ ಬರಿಯ ಮಂಚವನ್ನು ಪಡೆಯುವ ಪಥಿಕರು ಅನೇಕ ಊರುಗಳ ಹಾಸ್ಟೆಲುಗಳಲ್ಲಿ ಉಂಟು. ಅವರಿಗೆ ಅದು ವಿನೋದವಾಗಿರಬಹುದು. ಆದರೆ ಅದೇ ಕೆಲಸದ ಸಂಬಳದಿಂದ ಮನೆಯನ್ನು ನಡೆಸಬೇಕಾದ ಊರಿನ ಹೆಂಗಸಿಗೆ ಅದು ವಿನೋದವಲ್ಲ. ಊರಿನವರಿಗೆ ತಕ್ಕ ಸಂಬಳವನ್ನು ಕೊಡುವ ಮನೆಯು ಎರಡು ಮೂರು ಯೂರೋಗಳನ್ನು ಹೆಚ್ಚಾಗಿ ಕೇಳಿದರೆ, ಆ ಹೆಚ್ಚಳವು ದಂಡವಲ್ಲ, ನಿಜವಾದ ಬೆಲೆ.

‘ಆ ಎರಡು ಮೂರು ಯೂರೋಗಳೇ ಇಲ್ಲದವನು ಏನು ಮಾಡಬೇಕು?’ ಎಂದು ಕೇಳಬಹುದು. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಅವನು ಐದು ರಾತ್ರಿಗಳ ಬದಲು ನಾಲ್ಕು ರಾತ್ರಿಗಳಿರಲಿ. ಜನರು ಕಿಕ್ಕಿರಿದ ಬೇಸಗೆಯನ್ನು ಬಿಟ್ಟು ಚಳಿಗಾಲದಲ್ಲಿ ಬರಲಿ. ಇವಾವುದೂ ಸಾಧ್ಯವಾಗದಿದ್ದರೆ, ಸಿಕ್ಕಿದ ಮಂಚದಲ್ಲಿಯೇ ಮಲಗಿ, ಮೆಟ್ಟಿಲನ್ನು ಹತ್ತುವಾಗ ಚೀಲವನ್ನು ಉರುಳಿಸದೆ ಕೈಯಲ್ಲಿ ಎತ್ತಿಕೊಳ್ಳಲಿ. ಧರ್ಮವು ಶಕ್ತಿಗೆ ತಕ್ಕಂತೆ; ಆದರೆ ಚೀಲವನ್ನು ಎತ್ತಿಕೊಳ್ಳುವಷ್ಟು ಶಕ್ತಿಯಿಲ್ಲದ ಪಥಿಕನು ಅಪರೂಪ.

ಇದೆಲ್ಲ ದೂರದ ಊರಿನ ಮಾತೆಂದು ಕನ್ನಡಿಗರು ತಿಳಿಯಬೇಕಾಗಿಲ್ಲ. ಲಿಸ್ಬನ್ನಿನಿಂದ 1497ರಲ್ಲಿ ಹೊರಟ ವಾಸ್ಕೋ ಡ ಗಾಮನ ಹಡಗುಗಳು 1498ರಲ್ಲಿ, ಕಲ್ಲಿಕೋಟೆಯಿಂದ ಹಿಂದಿರುಗುವಾಗ, ಕಾರವಾರಕ್ಕೆ ಸಮೀಪದ ಅಂಜದೀವ ದ್ವೀಪದಲ್ಲಿ ತಂಗಿ, ದುರಸ್ತಿಯನ್ನು ಮಾಡಿಕೊಂಡು, ಸಿಹಿನೀರನ್ನು ತುಂಬಿಕೊಂಡು ಹೋದವು. 1505ರಲ್ಲಿ ಅದೇ ದ್ವೀಪದಲ್ಲಿ ಪೋರ್ತುಗೀಜರು ಕೋಟೆಯನ್ನು ಕಟ್ಟತೊಡಗಿದರು. ನೀರಿಗಾಗಿ ಇಳಿದವನು ಏಳು ವರ್ಷಗಳಲ್ಲಿ ಗೋಡೆಯನ್ನು ಎಬ್ಬಿಸಿದನು. ಅತಿಥಿಯು ತಾನು ಅತಿಥಿಯೆಂಬುದನ್ನು ಮರೆತರೆ ಏನಾಗುವುದೆಂಬುದು ಈ ಕರಾವಳಿಗೆ ಹೊಸ ಪಾಠವಲ್ಲ. ಹಾಗೆಂದು ಅಲ್ಫಾಮಾದ ಮುದುಕಿಯಿಂದ ಆ ಹಳೆಯ ಸಾಲವನ್ನು ವಸೂಲುಮಾಡಲು ಯಾರಿಗೂ ಹಕ್ಕಿಲ್ಲ. ಕೋಟೆಯನ್ನು ಕಟ್ಟಿದವಳು ಅವಳಲ್ಲ. ಆ ನೋವನ್ನು ಬಲ್ಲ ನಾಡಿನವರು ಅದನ್ನು ಇನ್ನೊಬ್ಬರಿಗೆ ಉಂಟುಮಾಡದಿರುವುದರಲ್ಲಿ ಹೆಚ್ಚು ಎಚ್ಚರವಾಗಿರಬೇಕೆಂಬುದಷ್ಟೆ ಅದರ ತಾತ್ಪರ್ಯ.

ಮೇಜು, ಪಾದ್ರಿ, ಚಾವಿ ಮೊದಲಾದ ಶಬ್ದಗಳು ಪೋರ್ತುಗೀಜರ ಭಾಷೆಯಿಂದ ಈ ಕಡೆಗೆ ಬಂದು ನೆಲಸಿದವು. ಅವು ಬಂದುವೆಂದು ಇಲ್ಲಿಯ ಯಾವ ಶಬ್ದವೂ ಮನೆಬಿಟ್ಟು ಹೋಗಲಿಲ್ಲ. ಚಾವಿಯ ಪಕ್ಕದಲ್ಲಿ ಬೀಗದ ಕೈ ಇಂದಿಗೂ ಇದೆ. ಒಳ್ಳೆಯ ಅತಿಥಿಯ ಲಕ್ಷಣವೂ ಇದೇ. ಲಿಸ್ಬನ್ನಿನ ಹಾಸ್ಟೆಲಿನಲ್ಲಿ ಆ ತರುಣನ ಕೈಗೆ ಒಂದು ಚಾವಿಯನ್ನು ಕೊಡುತ್ತಾರೆ. ಅದು ಅವನ ಹಣಕ್ಕೆ ದೊರೆತದ್ದು ನಿಜ. ಆದರೆ ಅದು ತೆರೆಯುವ ಬಾಗಿಲು ಬೇರೆಯವರ ಊರಿನದು. ಹೊರಡುವ ದಿನ ಅದನ್ನು ಹಿಂದಿರುಗಿಸುವಾಗ, ಆ ಬಾಗಿಲಿನ ಹಿಂದೆ ಮೊದಲು ಇದ್ದವರು ಇನ್ನೂ ಇದ್ದಾರೆಯೆ ಎಂಬುದನ್ನು ಅವನು ಒಮ್ಮೆ ಕೇಳಿಕೊಂಡರೆ, ಅವನ ಪ್ರವಾಸವು ವ್ಯರ್ಥವಾಗಲಿಲ್ಲವೆಂದು ಹೇಳಬಹುದು.