ಕಾಗೆಯ ನೆಂಟ ರಾಜಹಕ್ಕಿ

ಬೆಳಕವಾಡಿ ಕಡೆಯ ತೋಪಿನಲ್ಲಿ ರಾಜಹಕ್ಕಿ ಕಣ್ಣಿಗೆ ಬಿದ್ದರೆ ನಡೆಯುತ್ತಿದ್ದ ಕಾಲು ತಾನಾಗಿ ನಿಲ್ಲುತ್ತದೆ. ಮೈ ನೋಡಿದರೆ ಪಿಕಳಾರದಷ್ಟೇ. ಮಿರುಗುವ ಕಪ್ಪು ತಲೆ, ಜುಟ್ಟು, ಕಣ್ಣಿನ ಸುತ್ತ ನೀಲಿ ಬಳೆ. ಗಂಡಿಗಾದರೆ ಬಾಲದಲ್ಲಿ ಅಡಿಯುದ್ದಕ್ಕೆ ಸಮೀಪದ ಎರಡು ಗರಿ. ಕೊಂಬೆಯಿಂದ ಚಿಮ್ಮಿ ಗಾಳಿಯಲ್ಲೇ ಹುಳು ಹಿಡಿದು ತಿರುಗುವಾಗ ಆ ಗರಿಗಳು ರಿಬ್ಬನ್ನಿನಂತೆ ಬಳುಕಿ, ಹಕ್ಕಿಗಿಂತ ಅರೆಗಳಿಗೆ ತಡವಾಗಿ ತಿರುಗುತ್ತವೆ.

ಇಂಥ ಹಕ್ಕಿಯನ್ನು ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1758ರಲ್ಲಿ ಕಾಗೆಗಳ ಜೊತೆ ಸೇರಿಸಿ, 'ಕಾರ್ವಸ್ ಪ್ಯಾರಡೈಸಿ' ಎಂದು ಹೆಸರಿಟ್ಟ. ಭಾರತದ ನೆಲ ಮೆಟ್ಟದ, ಇದು ಹಾರುವುದನ್ನು ನೋಡದ ವಿದ್ವಾಂಸ. ಹಾರಾಟ, ಹುಳು ಹಿಡಿಯುವ ರೀತಿ ಕಂಡವರು ಮುಂದೆ ಇದನ್ನು ನೊಣಹಿಡುಕಗಳ ಕುಟುಂಬಕ್ಕೆ ತಂದರು. 1827ರಲ್ಲಿ ಗ್ಲೋಗರ್ ಎಂಬ ಪಕ್ಷಿತಜ್ಞ 'ಟರ್ಪ್ಸಿಫೋನೆ' ಎಂಬ ಬೇರೆ ಕುಲವನ್ನೇ ಕಟ್ಟಿದ. ಕುಲ ಬದಲಾದರೂ 'ಪ್ಯಾರಡೈಸಿ' ಅಳಿಯಲಿಲ್ಲ. ಮೊದಲು ಕೊಟ್ಟ ಜಾತಿಯ ಹೆಸರು ಹಕ್ಕಿ ಎಲ್ಲಿಗೆ ಹೋದರೂ ಜೊತೆಗೇ ಹೋಗಬೇಕೆಂಬುದು ನಾಮಕರಣದ ನಿಯಮ.

ಕಳೆದ ಶತಮಾನದ ಕೊನೆಗೆ ಡಿಎನ್‌ಎ ಹೋಲಿಕೆ ಶುರುವಾಯಿತು. ಆಗ ಗೊತ್ತಾದದ್ದನ್ನು ನೆನೆದರೆ ನನಗೆ ಈಗಲೂ ಮೈ ನವಿರೇಳುತ್ತದೆ. ರಾಜಹಕ್ಕಿ ನೊಣಹಿಡುಕವಲ್ಲ, ಅದರ ರಕ್ತಸಂಬಂಧ ಕಾಜಾಣ, ಕಳಿಂಗಗಳ ಕಡೆಗೆ, ಕಾಗೆಯ ಕಡೆಗೆ! ಅದೇ ತೋಪಿನ ಪೊದೆಯಲ್ಲಿ ನೀಲಿ ನೊಣಹಿಡುಕವೂ ಹಾಡುತ್ತದೆ. ಅದು ನಿಜವಾದ ನೊಣಹಿಡುಕ, ಮಡಿವಾಳ ಹಕ್ಕಿಯ ಬಳಗ. ಹೊಟ್ಟೆಪಾಡು ಒಂದೇ ಆದದ್ದರಿಂದ ಎರಡು ದೂರದ ವಂಶಗಳು ಒಂದೇ ವರಸೆ ಕಲಿತಿವೆ. ಎಂಜಲೆಲೆಯ ಸುತ್ತ ಸುಳಿಯುವ ಕಾಗೆಯೇ ರಾಜಹಕ್ಕಿಗೆ ಹೆಚ್ಚು ಹತ್ತಿರದ ನೆಂಟ. ಲಿನೇಯಸ್‌ಗೆ ಇದು ತಿಳಿದಿರಲು ಸಾಧ್ಯವಿರಲಿಲ್ಲ. ಆದರೂ ಅವನ ಕೈ ಸರಿಯಾದ ಕೊಂಬೆಯನ್ನೇ ಮುಟ್ಟಿತ್ತು.

ಬಣ್ಣದ ಕಥೆ ಬೇರೆ. ಎಳೆಯ ಗಂಡು, ಹೆಣ್ಣಿನ ಹಾಗೆ ಇಟ್ಟಿಗೆಗೆಂಪು. ಬೆಳೆದ ಮೇಲೆ ಕೆಲವು ಗಂಡುಗಳು ಅಚ್ಚಬಿಳಿಯಾಗುತ್ತವೆ, ಕೆಲವು ಉದ್ದ ಬಾಲ ಬಂದರೂ ಕೆಂಪಾಗಿಯೇ ಉಳಿಯುತ್ತವೆ. ನೋಡಿದವರು ಎರಡು ಹಕ್ಕಿ ಎಂದರೆ ತಪ್ಪೇನಿಲ್ಲ, ಕಣ್ಣು ಹಾಗೆಯೇ ಹೇಳುತ್ತದೆ. ಜಾತಿ ಮಾತ್ರ ಒಂದೇ. ಇದಕ್ಕೆ ತದ್ವಿರುದ್ಧವಾಗಿ, ಒಂದೇ ಎಂದು ಏಷ್ಯಾದ ಉದ್ದಕ್ಕೂ ಲೆಕ್ಕಕ್ಕಿದ್ದ ರಾಜಹಕ್ಕಿಯನ್ನು 2015ರ ಹೊತ್ತಿಗೆ ಮೂರು ಜಾತಿಗಳೆಂದು ಬಿಡಿಸಿದರು. ಪೂರ್ವದ ಎರಡಕ್ಕೆ ಬೇರೆ ಹೆಸರು ಸಂದವು. 1758ರ 'ಪ್ಯಾರಡೈಸಿ' ನಮ್ಮ ತೋಪಿನ ಹಕ್ಕಿಗೇ ಉಳಿಯಿತು.