ಬೆಂಕಿ ಯಾರ ಸೊತ್ತು?

ಇಂಡೋನೇಷ್ಯಾದ ಬಡವರ ಅಡಿಗೆಮನೆಯಲ್ಲಿ 3 ಕೆ.ಜಿ.ಯ ಹಸಿರು ಗ್ಯಾಸ್ ಸಿಲಿಂಡರ್ ಇರುತ್ತದೆ. ಜನ ಅದನ್ನ ಕರಬೂಜ ಅಂತಾರೆ. 2007ರಲ್ಲಿ ಸೀಮೆಎಣ್ಣೆ ಬಿಡಿಸಲು ಶುರುಮಾಡಿದ ಸರ್ಕಾರವೇ ಕೊಟ್ಟದ್ದು. ಮೈಮೇಲೆ ‘ಬಡವರಿಗೆ ಮಾತ್ರ’ ಅಂತ ಬರೆದಿದೆ. ಹೆಸರು ಬಡವರದು, ಹಿಡಿತ ಯಾರದು?

2025ರ ಫೆಬ್ರವರಿ 1ರಿಂದ ಚಿಲ್ಲರೆ ಅಂಗಡಿಗಳು ಇದನ್ನು ಮಾರಕೂಡದು, ಜನ ನೋಂದಾಯಿತ ಡಿಪೋಗೇ ಹೋಗಬೇಕು ಅಂತ ಆಜ್ಞೆಯಾಯಿತು. ಚಿಲ್ಲರೆಯವರು ಹೆಚ್ಚು ಬೆಲೆ ಕೀಳುತ್ತಾರೆಂಬುದು ಸರ್ಕಾರದ ಮಾತು. ಅದೇನೂ ಸುಳ್ಳಲ್ಲ. ಆದರೆ ಊರೂರಲ್ಲಿ ಉದ್ದುದ್ದ ಸಾಲು ನಿಂತವು. ಜಕಾರ್ತದ ಹತ್ತಿರದ ಪಮುಲಾಂಗ್‌ನಲ್ಲಿ ಸಾಲು ನಿಂತು ಮನೆಗೆ ಮರಳಿದ ವಯಸ್ಸಾದ ಹೆಂಗಸೊಬ್ಬಳು ತೀರಿಕೊಂಡಳು. 4ನೇ ತಾರೀಖು ಅಧ್ಯಕ್ಷ ಪ್ರಬೋವೊ, ಚಿಲ್ಲರೆಯವರು ಮತ್ತೆ ಮಾರಲಿ ಅಂದರು.

ಪಾಪ ಯಾರದು?

ಆ ದೇಶದ 1999ರ ಗ್ರಾಹಕ ರಕ್ಷಣಾ ಕಾನೂನು ಸುರಕ್ಷತೆಯ ಹಕ್ಕು, ದೂರುವ ಹಕ್ಕು, ಪರಿಹಾರದ ಹಕ್ಕು ಕೊಟ್ಟಿದೆ. ಒಳ್ಳೇದೇ. ಆದರೆ ದೂರು ತೀರ್ಮಾನ ಆಗೋವರೆಗೆ ಹಸಿವು ಕಾಯ್ತದಾ?

ಇಸ್ಲಾಮಿನ ಧರ್ಮಶಾಸ್ತ್ರ, ಮಾಲು ಕೂಡಿಟ್ಟು ಬೆಲೆ ಏರಿಸೋದನ್ನ ಇಹ್ತಿಕಾರ್ ಅನ್ನುತ್ತದೆ. ಅದು ಪಾಪ. ಹಲವು ಪಂಡಿತರು ಇದನ್ನು ಆಹಾರಕ್ಕಷ್ಟೇ ಸೀಮಿತ ಮಾಡಿದರು. ಎಂಟನೇ ಶತಮಾನದ ಬಾಗ್ದಾದಿನ ಕಾಜಿ ಅಬೂ ಯೂಸುಫ್ ಒಪ್ಪಲಿಲ್ಲ. ಯಾವುದನ್ನು ತಡೆಹಿಡಿದರೆ ಜನಕ್ಕೆ ಕೇಡೋ ಅದೆಲ್ಲಾ ಇಹ್ತಿಕಾರವೇ ಎಂದ. ನೀರು, ಹುಲ್ಲು, ಬೆಂಕಿ ಈ ಮೂರರಲ್ಲೂ ಜನರೆಲ್ಲ ಪಾಲುದಾರರು ಎಂಬ ಪ್ರವಾದಿಯ ಮಾತೂ ಹದೀಸಿನಲ್ಲಿದೆ.

ಈ ಅಳತೆಗೋಲಿನಿಂದಲೇ ನಾವು ಅಳೆಯೋಣ. ಮಾಲು ಬಚ್ಚಿಟ್ಟು ಬೆಲೆ ಏರಲಿ ಅಂತ ಕಾಯೋನು ಬೇರೆ. ಓಣಿಗೆ ಹೊತ್ತು ತಂದು ನಾಲ್ಕು ಕಾಸು ಇಟ್ಟುಕೊಳ್ಳೋನು ಬೇರೆ. ಮೊದಲನೆಯವನನ್ನು ಹಿಡಿಯಲಿ. ಇಬ್ಬರನ್ನೂ ಒಂದೇ ಹಗ್ಗದಲ್ಲಿ ಕಟ್ಟಿದರೆ ಉಪವಾಸ ಬೀಳೋದು ಓಣಿ. ಸರ್ಕಾರ ಲಾಭಕ್ಕಾಗಿ ತಡೆಯಲಿಲ್ಲ, ನಿಜ. ಆದರೆ ಒಲೆ ಆರಿದವರಿಗೆ ತಡೆದವನ ಉದ್ದೇಶ ಕಟ್ಟಿಕೊಂಡು ಏನಾಗಬೇಕು? ಕೇಡು ಕೇಡೇ.

ನಮಗೆ ಇದು ಹೊಸ ಪಾಠವಲ್ಲ. ಮಹಾಡದ ಚೌದಾರ್ ಕೆರೆ ಎಲ್ಲರದು ಎಂಬ ಪುರಸಭೆಯ ಠರಾವು ಮೊದಲೇ ಇತ್ತು. ಆದರೂ 1927ರಲ್ಲಿ ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಹೋಗಿ ಆ ನೀರು ಕುಡಿಯಬೇಕಾಯಿತು. ಪಾಲು ಕಾಗದದಲ್ಲಿದ್ದರೆ ಸಾಲದು, ಕೈಗೆ ಸಿಗಬೇಕು.

ಆದ್ದರಿಂದ ಕಾನೂನು ಬರೆಯೋರನ್ನೂ ಫತ್ವಾ ಕೊಡೋರನ್ನೂ ನಾವು ಕೇಳೋದು ಇಷ್ಟೇ. ಆಜ್ಞೆಗೆ ಮೊಹರು ಒತ್ತೋ ಮುಂಚೆ, ಒಂದು ಸಾರಿ ಖಾಲಿ ಸಿಲಿಂಡರ್ ಹೊತ್ತು ಓಣಿಯಿಂದ ಡಿಪೋವರೆಗೆ ನಡೆದು ನೋಡಿ.