ಕಾಲಿನ ನೋವೂ ಮನಸ್ಸಿನ ಬಲವೂ

ಘಟ್ಟವನ್ನು ಇಳಿದು ಬಂದವನಿಗೆ ಆ ದಿನ ಏನೂ ತೋಚದೆ, ಮರುದಿನ ತೊಡೆಗಳು ಹಿಡಿದುಕೊಂಡು, ಜಗಲಿಯ ಮೆಟ್ಟಲು ಇಳಿಯುವದಕ್ಕೂ ಗೋಡೆಯ ಆಸರೆ ಬೇಕಾಗುವದು ನಮ್ಮಲ್ಲಿ ಅನೇಕರು ಬಲ್ಲ ಸಂಗತಿ. ಓಟವನ್ನು ಅಭ್ಯಾಸಮಾಡುವ ಯೌವನಸ್ಥರಿಗೂ ಹೀಗೆಯೇ ಆಗುತ್ತದೆ. ಅಂಥ ನೋವಿನಲ್ಲಿಯೂ ಓಡಿದರೆ ಮನಸ್ಸು ದೃಢವಾಗುವದೆಂದು ಕೆಲವರು ಹೇಳುತ್ತಾರೆ. ಇದು ನಿಜವೋ, ಇಲ್ಲವೆ ಶರೀರವನ್ನು ವ್ಯರ್ಥವಾಗಿ ದಂಡಿಸುವ ಹೆಮ್ಮೆಯೋ?

ಮೊದಲು ನೋವಿನ ಸ್ವಭಾವವನ್ನು ತಿಳುಕೊಳ್ಳುವದು ಒಳ್ಳೇದು. ರೂಢಿಯಿಲ್ಲದ ಕೆಲಸದಲ್ಲಿ, ಮುಖ್ಯವಾಗಿ ಇಳಿಜಾರಿನಲ್ಲಿ, ಮಾಂಸಖಂಡವು ಭಾರವನ್ನು ತಡೆಯುತ್ತಲೇ ಹಿಗ್ಗಬೇಕಾಗುವದರಿಂದ ಅದರ ಸೂಕ್ಷ್ಮವಾದ ಎಳೆಗಳು ಅಲ್ಲಲ್ಲಿ ಘಾಸಿಯಾಗುತ್ತವೆ. ನೋವು 1ರಿಂದ 3 ದಿನಗಳಲ್ಲಿ ಹೆಚ್ಚಿ, ಸಾಧಾರಣವಾಗಿ ಒಂದು ವಾರದೊಳಗೆ ಇಳಿಯುವದು. ಲ್ಯಾಕ್ಟಿಕ್ ಆಮ್ಲವೇ ಇದಕ್ಕೆ ಕಾರಣವೆಂದು ಬಹು ಕಾಲ ಹೇಳುತ್ತಿದ್ದರು. ಅದಾದರೋ ಓಟ ಮುಗಿದ ಒಂದೆರಡು ತಾಸಿನಲ್ಲಿ ರಕ್ತದಿಂದ ಹೋಗಿಬಿಡುತ್ತದೆ. ಕೆಲವು ವಾರಗಳೊಳಗೆ ಅದೇ ಇಳಿಜಾರನ್ನು ಮತ್ತೆ ಇಳಿದರೆ ನೋವು ಬಹಳ ಕಡಿಮೆ.

ಆದದರಿಂದ ಇಂಥ ದಿನದಲ್ಲಿ ಮೆಲ್ಲನೆ ಓಡುವದರಿಂದ ಸಾಧಾರಣವಾಗಿ ಹಾನಿಯಿಲ್ಲ. ಇಂದು ನನ್ನಿಂದಾಗದು ಎಂದು ಕಾಲು ಅನ್ನುತ್ತದೆ. ಅರ್ಧ ಮೈಲು ಕಳೆದು ಮೈ ಬೆಚ್ಚಗಾದ ಮೇಲೆ ಆ ಮಾತು ಪೂರಾ ನಿಜವಲ್ಲವೆಂದು ಕಾಣುತ್ತದೆ. ಶರೀರವು ಹೇಳುವ ದೂರೆಲ್ಲಾ ತೀರ್ಪಲ್ಲವೆಂಬದನ್ನು ಮನಸ್ಸು ಹೀಗೆ ಕಲಿಯುವದು. ಬೆಳಿಗ್ಗೆ ಪ್ರಾರ್ಥನೆಗೆ ಏಳಲಾರೆನೆನ್ನುವ ಶರೀರವೂ ಇದೇ ಅಲ್ಲವೇ!

ಆದರೆ ಎಲ್ಲಾ ನೋವೂ ಒಂದೇ ಜಾತಿಯದಲ್ಲ. ಒಂದೇ ಸ್ಥಳದಲ್ಲಿ ಚುಚ್ಚುವದು, ಹೆಜ್ಜೆಹೆಜ್ಜೆಗೂ ಏರುವದು, ಕೀಲು ಬಾತುಕೊಳ್ಳುವದು, ಇವು ಎಚ್ಚರಿಕೆಗಳು. ಮೂತ್ರವು ಕಪ್ಪು ಚಹದ ಬಣ್ಣಕ್ಕೆ ತಿರುಗಿದರಂತೂ ತಡಮಾಡದೆ ವೈದ್ಯರ ಬಳಿಗೆ ಹೋಗತಕ್ಕದ್ದು. ಇಂಥಲ್ಲಿ ನಿಲ್ಲುವದಕ್ಕೂ ಮನೋಬಲ ಬೇಕು. 1924ರ ಪ್ಯಾರಿಸಿನ ಒಲಿಂಪಿಕ್ ಪಂದ್ಯಗಳಲ್ಲಿ ಎರಿಕ್ ಲಿಡ್ಡೆಲರು, 100 ಮೀಟರ್ ಓಟದ ಮೊದಲ ಸುತ್ತು ಭಾನುವಾರ ಬಂದದ್ದರಿಂದ ಅದನ್ನು ಓಡಲಿಲ್ಲ; 400 ಮೀಟರನ್ನು 47.6 ಸೆಕೆಂಡಿನಲ್ಲಿ ಓಡಿ ಗೆದ್ದರು. ಅವರ ಕಾರಣ ಕಾಲುನೋವಲ್ಲ; ಆದರೂ ಓಡು ಓಡು ಎಂಬ ಒತ್ತಾಯದ ನಡುವೆ ಓಡದೆ ನಿಲ್ಲುವದು ಎಷ್ಟು ಕಷ್ಟವೆಂದು ಅವರು ಬಲ್ಲವರಾಗಿದ್ದರು.

ಆ ಬಲವನ್ನು ನಾನು ನಮ್ಮ ಸಭೆಯ ಒಬ್ಬ ಹುಡುಗನಿಗೆ ಕಲಿಸಲಿಲ್ಲ. ಅವನು ಪಂದ್ಯಕ್ಕೆ ಸಿದ್ಧನಾಗುತ್ತಿದ್ದಾಗ, ಮೊಣಕಾಲಿನ ಕೆಳಗೆ ಎಲುಬಿನ ಮೇಲೆ ಬೊಟ್ಟಿಡುವಷ್ಟು ಸ್ಥಳವನ್ನು ತೋರಿಸಿ, "ಉಪದೇಶಿಗಳೇ, ಇಲ್ಲಿ ನೋಯುತ್ತದೆ" ಅಂದನು. ನಾನು ತಾಳ್ಮೆಯ ವಿಷಯವಾಗಿ ಪ್ರಸಂಗಮಾಡಿ ಅವನನ್ನು ಓಡಿಸಿದೆನು. ಎಲುಬು ಬಿರುಕು ಬಿಟ್ಟಿತ್ತು. ಅವನು ಹಲವು ವಾರ ಕೋಲೂರಿಕೊಂಡು ದೇವಾಲಯಕ್ಕೆ ಬರುವದನ್ನು ನಾನು ನೋಡಬೇಕಾಯಿತು. ಇನ್ನೊಬ್ಬನ ಕಾಲಿನಿಂದ ನಾನು ಶೂರನಾಗಿದ್ದೆನು.

ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 9ನೆಯ ಅಧ್ಯಾಯದಲ್ಲಿ ಓಟಗಾರರ ದೃಷ್ಟಾಂತವನ್ನು ಎತ್ತುತ್ತಾನೆ. ಆ ಪಟ್ಟಣದ ಸಮೀಪದಲ್ಲಿ 2 ವರುಷಕ್ಕೊಮ್ಮೆ ದೊಡ್ಡ ಪಂದ್ಯಗಳು ನಡೆಯುತ್ತಿದ್ದದರಿಂದ ಅದು ಅವರಿಗೆ ಚೆನ್ನಾಗಿ ತಿಳಿಯುವಂಥದು. ಅಲ್ಲಿ ಅವನು ಅಧೀನಪಡಿಸುವದು ತನ್ನ ಸ್ವಂತ ದೇಹವನ್ನೇ. ನೆರೆಯವನ ದೇಹದ ಮಾತು ಅಲ್ಲಿಲ್ಲ. ಅದನ್ನು ಎಷ್ಟೋ ಸಾರಿ ಓದಿ ಬೋಧಿಸಿದ ನಾನು ಇದನ್ನು ಗಮನಿಸಿರಲಿಲ್ಲ.

ಹುಡುಗನು ಈಗ ಪುನಃ ಓಡುತ್ತಾನೆ. ಕಳೆದ ತಿಂಗಳು ಒಂದು ದಿನ ಅವನು ಕಾಲೆಳೆಯುತ್ತಾ ಬಂದದ್ದನ್ನು ಕಂಡು ನನ್ನ ಎದೆ ಹಾರಿತು. ಎಲ್ಲಿ, ಎಂದಿನಿಂದ, ಒಂದು ಕಾಲೋ ಎರಡೋ ಎಂದು ಕೇಳಿದೆನು.

"ಎರಡು ತೊಡೆಗಳೂ, ಉಪದೇಶಿಗಳೇ. ನಿನ್ನೆ ಗುಡ್ಡ ಇಳಿದು ಓಡಿದೆನು."

"ಹಾಗಾದರೆ ಓಡಬೇಕೋ ಬೇಡವೋ ನೀನೇ ನೋಡು" ಅಂದೆನು. ಅವನು ಸ್ವಲ್ಪ ಹೊತ್ತು ನಿಂತು, ಆಮೇಲೆ ಮೆಲ್ಲನೆ ಓಡಿದನು.